ಕಂಬಿಯ ಮೇಲಿನ ಸೌದೆ: ಭದ್ರಾವತಿಯ ಬಟ್ಟಿ ಪದ್ಧತಿಯನ್ನು ಕುರಿತು

ಕಲ್ಲಿದ್ದಲ ಗಣಿಯೊಂದೂ ಇಲ್ಲದ ನಾಡು ಕಬ್ಬಿಣದ ಅದಿರನ್ನು ಎಷ್ಟು ಪಡೆದಿದ್ದರೇನು ಎಂಬ ಪ್ರಶ್ನೆಗೆ ಮೈಸೂರು ಸಂಸ್ಥಾನವು ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಕೊಟ್ಟ ಉತ್ತರವು, ಅದರ ಧೈರ್ಯದಿಂದಲೂ ಅದರೊಳಗೆ ಅಡಗಿದ್ದ ಅಪಾಯದಿಂದಲೂ, ಇಂದಿಗೂ ವಿಚಾರಕ್ಕೆ ಅರ್ಹವಾದುದಾಗಿದೆ. ಬಾಬಾಬುಡನ್ ಗಿರಿಶ್ರೇಣಿಯ ಕೆಮ್ಮಣ್ಣುಗುಂಡಿಯಲ್ಲಿ ಅದಿರಿತ್ತು. ಭದ್ರಾನದಿಯ ದಡದ, ಇಂದು ಭದ್ರಾವತಿಯೆನಿಸಿಕೊಂಡಿರುವ ಬೆಂಕಿಪುರದಲ್ಲಿ ನೀರೂ ಇತ್ತು, ಬೀರೂರು–ಶಿವಮೊಗ್ಗ ರೈಲುಮಾರ್ಗವೂ ಇತ್ತು. ಶಿವಮೊಗ್ಗ ಕಡೂರು ಜಿಲ್ಲೆಗಳ ಕಾಡುಗಳಲ್ಲಿ ಸೌದೆಯಿತ್ತು. ದೂರದ ಬಂಗಾಳ ಬಿಹಾರಗಳಿಂದ ಕಲ್ಲಿದ್ದಲನ್ನು ತರಿಸಿ ಅದರ ಬೆಲೆಗೂ ರೈಲಿನ ಬಾಡಿಗೆಗೂ ಸದಾಕಾಲ ಅಧೀನವಾಗಿರುವುದಕ್ಕಿಂತ, ಕೈಯಳತೆಯಲ್ಲಿರುವ ಸೌದೆಯನ್ನೇ ಇದ್ದಲು ಮಾಡಿ, ಆ ಇದ್ದಲಿನಿಂದಲೇ ಅದಿರನ್ನು ಕರಗಿಸಬೇಕೆಂಬ ಆಲೋಚನೆ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಬಲಿಯಿತು. ಅಮೆರಿಕದ ಎಂಜಿನಿಯರ್ ಸಿ. ಪಿ. ಪೆರಿನ್ನರ ಸಲಹೆಯಿಂದ ಅದಕ್ಕೆ ರೂಪ ಬಂದಿತು. 1923ರ ಜನವರಿ 18ರಂದು ಊದುಕುಲುಮೆ ಹೊತ್ತಿಕೊಂಡಾಗ ನಾಡಿನ ಕಣ್ಣೆಲ್ಲ ಬೀಡುಕಬ್ಬಿಣದ ಮೇಲೆ ನೆಟ್ಟಿತ್ತು. ಆದರೆ ಆ ಕಾರ್ಖಾನೆಯ ಜಾಣ್ಮೆಯಲ್ಲಿ ದೊಡ್ಡ ಪಾಲು ಇದ್ದುದು ಊದುಕುಲುಮೆಯಲ್ಲಲ್ಲ, ಅದಕ್ಕೆ ಇದ್ದಲನ್ನು ಒದಗಿಸುತ್ತಿದ್ದ ಸೌದೆಯ ಬಟ್ಟಿಯಲ್ಲಿ ಎಂಬುದು ನನ್ನ ಅಭಿಪ್ರಾಯ. ಆ ಬಟ್ಟಿಯನ್ನು, ಅದರಲ್ಲಿಯೂ ಸೌದೆಯನ್ನು ಕಂಬಿಯ ಮೇಲಿನ ಬಂಡಿಗಳಲ್ಲಿ ಕುಲುಮೆಯೊಳಕ್ಕೆ ಸಾಗಿಸಿ ಹಾಗೆಯೇ ಹೊರಕ್ಕೆ ತರುವ ಕ್ರಮವನ್ನು, ಇಲ್ಲಿ ತೂಗಿ ನೋಡಬೇಕೆಂದಿದ್ದೇನೆ.

ಆ ಕ್ರಮ ಹೀಗೆ. ಸುಮಾರು ನಾಲ್ಕಡಿ ಉದ್ದಕ್ಕೆ ಕಡಿದು ತಿಂಗಳುಗಟ್ಟಲೆ ಒಣಗಲು ಬಿಟ್ಟ ಸೌದೆಯನ್ನು, ಪಕ್ಕಗಳಲ್ಲಿ ಪಟ್ಟಿಗಳಷ್ಟೇ ಇದ್ದು ಆವಿ ಹೊರಬರಲು ತೆರಪಿರುವ ಉಕ್ಕಿನ ಬಂಡಿಗಳಲ್ಲಿ ಒಟ್ಟುತ್ತಾರೆ. ಇಂಥ ಹಲವು ಬಂಡಿಗಳು ಒಂದರ ಹಿಂದೊಂದು ಹಿಡಿಯುವಷ್ಟು ಉದ್ದದ, ಎರಡು ಕೊನೆಗಳಲ್ಲಿಯೂ ಬಾಗಿಲುಳ್ಳ, ನೆಲದ ಮೇಲೆ ಕಂಬಿ ಹಾಸಿದ ಉಕ್ಕಿನ ಕೋಣೆಯೇ ರಿಟಾರ್ಟ್. ಅದನ್ನು ಸುತ್ತ ಇಟ್ಟಿಗೆಯ ಗೋಡೆ ಆವರಿಸಿರುತ್ತದೆ. ಬೆಂಕಿ ಉರಿಯುವುದು ಕೋಣೆಯ ಹೊರಗೆ, ಇಟ್ಟಿಗೆಯ ಒಳಗೆ. ಬಂಡಿಗಳನ್ನು ಒಳಕ್ಕೆ ಎಳೆದು ಬಾಗಿಲುಗಳನ್ನು ಬಿಗಿದ ಮೇಲೆ ಸೌದೆಗೆ ಕಾವು ತಾಗುತ್ತದೆಯೇ ಹೊರತು ಗಾಳಿ ತಾಗುವುದಿಲ್ಲ. ಆದುದರಿಂದ ಅದು ಉರಿಯುವುದೂ ಇಲ್ಲ. ಮೊದಲು ಅದರ ನೀರು ಆರುತ್ತದೆ; ಕಾವು 270–280 ಡಿಗ್ರಿ ಸೆಲ್ಸಿಯಸ್ಸನ್ನು ಮುಟ್ಟಿದೊಡನೆ ಸೌದೆಯು ತಾನೇ ಒಡೆಯತೊಡಗಿ ತನ್ನ ಕಾವನ್ನು ತಾನೇ ಹೊರಚೆಲ್ಲುತ್ತದೆ. ಈ ಗಳಿಗೆಯನ್ನು ಅರಿತು ಕೆಳಗಿನ ಬೆಂಕಿಯನ್ನು ತಗ್ಗಿಸುವುದರಲ್ಲಿಯೇ ಬೆಂಕಿ ನೋಡಿಕೊಳ್ಳುವವನ ಅನುಭವವೆಲ್ಲ ಪರೀಕ್ಷೆಗೆ ಒಳಗಾಗುವುದು, ಏಕೆಂದರೆ ಆತುರದಿಂದ ಕಾಯಿಸಿದರೆ ಇದ್ದಲೂ ಕಡಿಮೆ, ಆಮ್ಲವೂ ಕಡಿಮೆ. ಹೊರಬರುವ ಆವಿಯು ತಾಮ್ರದ ಕೊಳವೆಗಳಲ್ಲಿ ತಣಿದು, ಕಂದುಬಣ್ಣದ, ಮೂಗಿಗೆ ಚುರುಕಾಗಿ ತಾಗುವ ಹುಳಿದ್ರವವಾಗಿ ಇಳಿಯುತ್ತದೆ. ಕಬ್ಬಿಣವನ್ನು ಆ ಹುಳಿ ತಿಂದುಬಿಡುವುದರಿಂದಲೇ ಅಲ್ಲಿ ತಾಮ್ರ ಬೇಕಾಯಿತು. ಆ ದ್ರವದಿಂದ ಮರದ ಡಾಂಬರನ್ನು ಬೇರ್ಪಡಿಸಿ, ಸುಣ್ಣ ಬೆರಸಿ ಕ್ಯಾಲ್ಸಿಯಂ ಅಸಿಟೇಟನ್ನು ಮಾಡುತ್ತಾರೆ. ಮರದ ಮದ್ಯಸಾರವೆಂದು ಹೆಸರಾದ ಮೆಥನಾಲನ್ನು ಬಟ್ಟಿಯಿಳಿಸಿ ತೆಗೆಯುತ್ತಾರೆ. ತಣಿಯದೆ ಉಳಿದ ಅನಿಲವನ್ನು ಮತ್ತೆ ರಿಟಾರ್ಟಿನ ಕೆಳಕ್ಕೆ ಕಳುಹಿಸಿ ಉರಿಸುತ್ತಾರೆ.

ಕಂಬಿಯ ಉಪಯೋಗ ನಿಜವಾಗಿ ಗೋಚರವಾಗುವುದು ಇದಾದ ಮೇಲೆ. ಒಂದು ಹಗಲು ಒಂದು ರಾತ್ರಿ ಕಾಯ್ದ ಇದ್ದಲು ಕೆಂಪಗೆ ಕೆಂಡದಂತಿರುವಾಗ ಬಾಗಿಲನ್ನು ತೆರೆದರೆ, ಗಾಳಿ ಸೋಕಿದ ಮರುಕ್ಷಣವೇ ಅದು ಹೊತ್ತಿಕೊಳ್ಳಲು ಹವಣಿಸುತ್ತದೆ. ಹಿಂದೆ ಚಿಕ್ಕ ಚಿಕ್ಕ ರಿಟಾರ್ಟುಗಳಿಂದ ಇದ್ದಲನ್ನು ಕೈಯಿಂದ ಕೆರೆದು ತೆಗೆಯುತ್ತಿದ್ದ ಕಾಲದಲ್ಲಿ ಎಷ್ಟು ಮಾಲು ಬೂದಿಯಾಗುತ್ತಿತ್ತು, ಎಷ್ಟು ಕೈಗಳು ಬೇಯುತ್ತಿದ್ದುವು ಎಂಬುದನ್ನು ಊಹಿಸಬಹುದು. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ಬಂಡಿಯ ಕ್ರಮವು ಈ ಕಷ್ಟವನ್ನು ಒಂದೇ ಏರ್ಪಾಟಿನಿಂದ ಪರಿಹರಿಸಿತು: ರಿಟಾರ್ಟಿನ ಬಾಗಿಲಿಗೆ ನೇರವಾಗಿ, ಅದೇ ಕಂಬಿಯ ಮುಂದುವರಿಕೆಯಲ್ಲಿ, ಅಷ್ಟೇ ಉದ್ದದ ಮತ್ತೊಂದು ಉಕ್ಕಿನ ಪೆಟ್ಟಿಗೆ. ಬಾಗಿಲು ತೆರೆದ ಕೂಡಲೆ ಬಂಡಿಗಳ ಸಾಲನ್ನೇ ಅದರೊಳಕ್ಕೆ ಎಳೆದು, ಬಾಗಿಲನ್ನು ಮುಚ್ಚಿ, ಸಂದುಗಳಿಗೆಲ್ಲ ಹಸಿಮಣ್ಣು ಮೆತ್ತುತ್ತಾರೆ. ಅಲ್ಲಿ ಒಂದು ದಿನ, ಅದರ ಮುಂದಿನ ಪೆಟ್ಟಿಗೆಯಲ್ಲಿ ಮತ್ತೊಂದು ದಿನ, ಆಮೇಲೆ ಬಯಲಿನಲ್ಲಿ ಕೆಲಕಾಲ ಇಟ್ಟು, ಇನ್ನು ತಾನಾಗಿ ಹೊತ್ತಿಕೊಳ್ಳಲಾರದೆಂಬ ನಂಬಿಕೆ ಬಂದ ಮೇಲೆಯೇ ಇದ್ದಲು ಊದುಕುಲುಮೆಯ ಕಡೆಗೆ ಹೊರಡುವುದು. ಕಾಡಿನ ಸೌದೆ ಒಮ್ಮೆ ಬಂಡಿಯನ್ನೇರಿತೆಂದರೆ ಇದ್ದಲಾಗಿ ಇಳಿಯುವವರೆಗೆ ಅದನ್ನು ಮನುಷ್ಯನ ಕೈ ಮುಟ್ಟಬೇಕಾಗಿಲ್ಲ. ಈ ಒಂದು ಗುಣಕ್ಕಾಗಿಯೇ ಈ ಪದ್ಧತಿಯನ್ನು ನಾನು ಮೆಚ್ಚುತ್ತೇನೆ. ಯಂತ್ರವೆಂಬುದು ಮನುಷ್ಯನನ್ನು ಬೆಂಕಿಯಿಂದ ದೂರ ನಿಲ್ಲಿಸುವುದಾದರೆ ಅದು ತನ್ನ ಧರ್ಮವನ್ನು ಪಾಲಿಸಿದಂತೆ.

ಇನ್ನೊಂದು ಗುಣವೂ ಉಂಟು; ಅದನ್ನು ಗ್ರಂಥಗಳಲ್ಲಿ ಅಷ್ಟಾಗಿ ಎತ್ತಿ ಹೇಳುವುದಿಲ್ಲ. ಮುಂದೆ ಯುರೋಪಿನಲ್ಲಿ ಬಂದ ಲ್ಯಾಂಬಿಯೋಟ್ ಮೊದಲಾದ ನೆಟ್ಟನೆಯ ರಿಟಾರ್ಟುಗಳಲ್ಲಿ ಬಂಡಿಯೂ ಇಲ್ಲ, ಕಂಬಿಯೂ ಇಲ್ಲ. ಮೇಲಿನಿಂದ ಸುರಿದ ಸೌದೆ ತನ್ನ ಭಾರದಿಂದಲೇ ಮೆಲ್ಲಗೆ ಕೆಳಗಿಳಿಯುತ್ತ, ದಾರಿಯಲ್ಲಿಯೇ ಇದ್ದಲಾಗಿ, ತಳದಲ್ಲಿ ತಣ್ಣಗಾಗಿ ಹೊರಬರುತ್ತದೆ. ಕೆಲಸ ಎಡೆಬಿಡದೆ ನಡೆಯುವುದರಿಂದ ಕಾವಿನ ನಷ್ಟ ಕಡಿಮೆ. ಆದರೆ ಅಂಥ ಕುಲುಮೆಗೆ ಒಂದೇ ಅಳತೆಯ, ಚೊಕ್ಕ ತುಂಡುಗಳು ಬೇಕು. ಡೊಂಕುಕೊಂಬೆ ಅಡ್ಡ ಸಿಕ್ಕಿಕೊಂಡರೆ ಇಡೀ ಕಂಬವೇ ನಿಂತುಹೋಗುತ್ತದೆ. ಬಂಡಿಯಾದರೋ ಡೊಂಕನ್ನೂ ಒಲ್ಲೆನೆನ್ನುವುದಿಲ್ಲ, ಗಂಟನ್ನೂ ಒಲ್ಲೆನೆನ್ನುವುದಿಲ್ಲ. ನೂರು ಜಾತಿಯ ಮರಗಳು ಕಲಸಿಕೊಂಡು ಬೆಳೆದ ನಮ್ಮ ಕಾಡಿನ ಸೌದೆಗೆ ಇದಕ್ಕಿಂತ ಒಪ್ಪುವ ಸಾಧನವು ಆ ಕಾಲಕ್ಕೆ ಇರಲಿಲ್ಲ.

ಹೀಗೆಂದು ದೋಷಗಳನ್ನು ಮರೆಮಾಚಬಾರದು. ಗಾಳಿಯಾಡದಂತೆ ಮುಚ್ಚಲೇಬೇಕಾದ ಬಾಗಿಲು ಇರುವ ತನಕ ಈ ಕೆಲಸ ಸರದಿಯಿಂದ ಸರದಿಗೆ ನಿಂತು ನಿಂತು ನಡೆಯಬೇಕಾದುದೇ. ಮಡಕೆ ಹೆಂಚುಗಳನ್ನು ಸುಡುವ ಸುರಂಗಗೂಡುಗಳಲ್ಲಿ ಬಂಡಿಗಳು ನಿಲ್ಲದೆ ಸಾಗುವಂತೆ ಇಲ್ಲಿ ಸಾಗಲಾರವು. ಪ್ರತಿ ಸಲವೂ ಸೌದೆಯ ಜೊತೆಗೆ ಬಂಡಿಯ ಉಕ್ಕನ್ನೂ ಕಾಯಿಸಬೇಕು, ಮತ್ತೆ ತಣಿಸಬೇಕು; ಆ ಕಾವೆಲ್ಲ ವ್ಯರ್ಥ. ಆ ಶಾಖದಲ್ಲಿ ಅಚ್ಚಿಗೆ ಹಾಕಿದ ಎಣ್ಣೆ ನಿಲ್ಲುವುದಿಲ್ಲ, ಚೌಕಟ್ಟು ಸೊಟ್ಟಗಾಗುತ್ತದೆ, ಆದುದರಿಂದ ಬಂಡಿಗಳ ದುರಸ್ತಿ ಎಂದಿಗೂ ಮುಗಿಯದ ಕೆಲಸ. ಇದಕ್ಕಿಂತ ಹೆಚ್ಚಿನದು ತೇವದ ತೊಂದರೆ. ಹಸಿಸೌದೆಯನ್ನು ರಿಟಾರ್ಟಿಗೆ ಹಾಕುವುದೆಂದರೆ ನೀರನ್ನು ಕುದಿಸುವುದಕ್ಕಾಗಿ ಇಂಧನವನ್ನು ಸುಡುವುದು ಎಂದರ್ಥ. ಮಲೆನಾಡಿನಲ್ಲಾದರೋ ಜೂನಿನಿಂದ ತಿಂಗಳುಗಟ್ಟಲೆ ಸೌದೆಯ ಒಟ್ಟಿಲುಗಳು ಮಳೆಯಲ್ಲಿ ನೆನೆಯುತ್ತಲೇ ಇರುತ್ತವೆ. ಅಮೆರಿಕದ ಹವೆಯಲ್ಲಿ ಹುಟ್ಟಿದ ಲೆಕ್ಕಾಚಾರವನ್ನು ಭದ್ರೆಯ ದಡಕ್ಕೆ ತಂದಾಗ ಈ ಅಂತರಕ್ಕೆ ತೆರಬೇಕಾದ ಬೆಲೆ ಸಣ್ಣದಾಗಿರಲಾರದು.

ಕಾರ್ಖಾನೆಯನ್ನು ಬಾಧಿಸಿದ ದೊಡ್ಡ ವಿಪತ್ತು ಮಾತ್ರ ಕುಲುಮೆಯೊಳಗಿನದಲ್ಲ. ಯೋಜನೆ ರೂಪುಗೊಂಡದ್ದು ಮೊದಲನೆಯ ಮಹಾಯುದ್ಧದ ಕಾಲದಲ್ಲಿ. ಫಿರಂಗಿಯ ಮದ್ದಾದ ಕಾರ್ಡೈಟಿಗೆ ಅಸಿಟೋನ್ ಬೇಕಾಗಿತ್ತು, ಅಸಿಟೋನಿಗೆ ಕ್ಯಾಲ್ಸಿಯಂ ಅಸಿಟೇಟ್ ಬೇಕಾಗಿತ್ತು. ಉಪಪದಾರ್ಥಗಳ ಬೆಲೆ ಆಕಾಶಕ್ಕೇರಿತ್ತು. ಯುದ್ಧ ಮುಗಿಯಿತು, ಬೇಡಿಕೆ ಇಳಿಯಿತು, ಬೀಡುಕಬ್ಬಿಣದ ಬೆಲೆಯೂ ಕುಸಿಯಿತು. ಭದ್ರಾವತಿಯ ಕುಲುಮೆ ಹೊತ್ತಿದ ಆ 1923ನೆಯ ವರ್ಷದಲ್ಲಿಯೇ ಜರ್ಮನಿಯ ಲಾಯ್ನಾದಲ್ಲಿ ಬಿಎಎಸ್‌ಎಫ್ ಸಂಸ್ಥೆಯು ಮರದ ಹಂಗಿಲ್ಲದೆ ಅನಿಲಗಳಿಂದಲೇ ಮೆಥನಾಲನ್ನು ತಯಾರಿಸತೊಡಗಿತು. ಲೋಕದಲ್ಲಿದ್ದ ಸೌದೆಬಟ್ಟಿಗಳ ಆರ್ಥಿಕ ಆಧಾರವೇ ಅಲ್ಲಿಂದ ಸಡಿಲವಾಯಿತು. ಬಿಳಿಯಾನೆ ಸಾಕಿದರೆಂದು ಅಂದು ಜರೆದವರಿದ್ದರು. ಆ ನಿಂದೆ ನ್ಯಾಯವಾದುದಲ್ಲ. ಜರ್ಮನಿಯ ಪ್ರಯೋಗಶಾಲೆಯೊಳಗೆ ಏನು ನಡೆಯುತ್ತಿದೆಯೆಂಬುದನ್ನು ಬೆಂಕಿಪುರದಲ್ಲಿ ಕುಳಿತು ಅರಿಯುವುದು ಯಾರಿಂದಲೂ ಸಾಧ್ಯವಿರಲಿಲ್ಲ. ದಿವಾನಗಿರಿಯನ್ನು ಬಿಟ್ಟಿದ್ದ ವಿಶ್ವೇಶ್ವರಯ್ಯನವರು ಆಡಳಿತ ಮಂಡಲಿಯ ಅಧ್ಯಕ್ಷತೆಯನ್ನು ವಹಿಸಿಕೊಂಡು 1929ರವರೆಗೆ ಕಾರ್ಖಾನೆಯನ್ನು ನಿಲ್ಲಿಸಿಕೊಂಡು ಬಂದದ್ದು ಅವರ ಜೀವಿತದ ಕಠಿಣಕಾರ್ಯಗಳಲ್ಲೊಂದು.

ನ್ಯಾಯವಾದ ಆಕ್ಷೇಪಣೆ ಬೇರೊಂದುಂಟು, ಅದು ಕಾಡಿನದು. ಒಣಸೌದೆಯ ತೂಕದಲ್ಲಿ ಇದ್ದಲಾಗಿ ಉಳಿಯುವುದು ಕಾಲಿನಿಂದ ಮೂರರಲ್ಲೊಂದು ಪಾಲಿನಷ್ಟು; ಅದರ ಮೇಲೆ ಕಬ್ಬಿಣದ ಒಂದೊಂದು ಟನ್ನಿಗೂ ಹೆಚ್ಚುಕಡಮೆ ಅಷ್ಟೇ ತೂಕದ ಇದ್ದಲು ಬೇಕು. ಈ ಲೆಕ್ಕವನ್ನು ದಿನವೊಂದಕ್ಕೆ, ವರ್ಷವೊಂದಕ್ಕೆ, ದಶಕವೊಂದಕ್ಕೆ ಹಿಗ್ಗಿಸಿ ನೋಡಿದರೆ, ಕಾಡಿನೊಳಕ್ಕೆ ಹಾಸಿದ ಟ್ರಾಮ್ ಕಂಬಿಗಳು ಏನನ್ನು ಹೊರತರುತ್ತಿದ್ದುವೆಂಬುದು ಮನಸ್ಸಿಗೆ ಬರುತ್ತದೆ. ಸಾಗಣೆಯನ್ನು ಸುಲಭ ಮಾಡುವ ಏರ್ಪಾಟು ಕಡಿತವನ್ನೂ ಸುಲಭ ಮಾಡುತ್ತದೆ. ರಿಟಾರ್ಟಿನ ಬಾಯಿಗೆ ತಪ್ಪದೆ ಬಂಡಿಗಳನ್ನು ಒದಗಿಸುತ್ತಿರಬೇಕಾದ ಅಧಿಕಾರಿಗೆ ಮರವು ಮತ್ತೆ ಬೆಳೆಯುವ ಕಾಲ ಲೆಕ್ಕಕ್ಕೆ ಬರುವುದು ಕಷ್ಟ. ಜೋಗದ ವಿದ್ಯುತ್ತಿನ ಬಲದಿಂದ 1952ರಲ್ಲಿ ಭದ್ರಾವತಿಗೆ ವಿದ್ಯುತ್ ಕುಲುಮೆಗಳು ಬಂದುವು. ಅವುಗಳಲ್ಲಿ ಕಾವನ್ನು ವಿದ್ಯುತ್ತು ಕೊಡುವುದರಿಂದ ಇದ್ದಲು ಬೇಕಾದುದು ಅದಿರಿನ ಆಮ್ಲಜನಕವನ್ನು ಕಳೆಯುವ ಮಟ್ಟಿಗೆ ಮಾತ್ರ. ಅದು ಮಲೆನಾಡಿನ ಮರಗಳಿಗೆ ದೊರೆತ ಬಿಡುವು ಎಂದೇ ನಾನು ಎಣಿಸುತ್ತೇನೆ.

ಭದ್ರಾವತಿಯಿಂದ ಇಷ್ಟು ದೂರದಲ್ಲಿ, ನಂಜನಗೂಡಿಗೂ ಗುಂಡ್ಲುಪೇಟೆಗೂ ನಡುವಿನ ಊಟಿಯ ಹೆದ್ದಾರಿಯ ಮೇಲಿರುವ ಬೇಗೂರಿನಲ್ಲಿ, ಕುಳಿತು ಇದನ್ನೆಲ್ಲ ಬರೆಯುವುದಕ್ಕೆ ಕಾರಣವಿದೆ. ನಮ್ಮ ತಾಲ್ಲೂಕಿಗೆ ರೈಲು ಬಂದಿಲ್ಲ. 1926ರಲ್ಲಿ ನಂಜನಗೂಡಿನಿಂದ ಮುಂದುವರಿದ ಮಾರ್ಗ ಚಾಮರಾಜನಗರಕ್ಕೆ ಹೋಗಿ ಅಲ್ಲಿಯೇ ನಿಂತಿತು. ಆದರೆ ಇದ್ದಲಿನ ಕಸಬು ಇಲ್ಲಿಗೆ ಹೊಸದಲ್ಲ. ಹಳೆಯ ಕ್ರಮವನ್ನು ಕಂಡವರಿಗೆ ಗೊತ್ತಿದೆ: ನೆಲದಲ್ಲಿ ಗುಂಡಿ ತೋಡಿ, ಸೌದೆಯನ್ನೋ ತೆಂಗಿನ ಚಿಪ್ಪನ್ನೋ ತುಂಬಿ, ಕಿಚ್ಚು ಹೊತ್ತಿಸಿ, ಮೇಲೆ ಸೊಪ್ಪು ಹಾಸಿ ಮಣ್ಣು ಮುಚ್ಚುವುದು, ಎಲ್ಲಿ ಹೊಗೆ ಸೀಳಿ ಬಂತೋ ಅಲ್ಲಿ ಮತ್ತಷ್ಟು ಮಣ್ಣೆಳೆಯುವುದು. ಮೊದಲು ಬೆಳ್ಳಗೆ ದಟ್ಟವಾಗಿ ಏಳುವ ಹೊಗೆ ಕ್ರಮೇಣ ತೆಳುವಾಗಿ ನೀಲಿಗೆ ತಿರುಗಿದಾಗ ಗುಂಡಿ ಬೆಂದಿತೆಂದು ತಿಳಿಯುತ್ತಾರೆ. ಅಷ್ಟು ಹೊತ್ತಿಗೆ ಸುತ್ತಲಿನ ಮನೆಗಳವರು ಕೆಮ್ಮಿ ಕಣ್ಣೊರಸಿಕೊಂಡಿರುತ್ತಾರೆ, ಬಾವಿಯ ಕಟ್ಟೆಯ ಮೇಲೂ ಎಲೆಗಳ ಮೇಲೂ ಮಸಿ ಕೂತಿರುತ್ತದೆ. ಸೌದೆಯಲ್ಲಿ ಒಂದು ಪಾಲು ತಾನೇ ಉರಿದು ಉಳಿದುದನ್ನು ಬೇಯಿಸಬೇಕಾದುದರಿಂದ ಕೈಗೆ ಬರುವ ಇದ್ದಲು ರಿಟಾರ್ಟಿನ ಅರ್ಧದಷ್ಟಿದ್ದರೆ ಹೆಚ್ಚು. ಆಮ್ಲ, ಡಾಂಬರು, ಮದ್ಯಸಾರ ಎಲ್ಲವೂ ಗಾಳಿಯ ಪಾಲು, ಅಂದರೆ ನೆರೆಯವರ ಶ್ವಾಸಕೋಶದ ಪಾಲು. ಭದ್ರಾವತಿಯಲ್ಲಿ ನೂರು ವರ್ಷಗಳ ಹಿಂದೆಯೇ ತಾಮ್ರದ ಕೊಳವೆಯಲ್ಲಿ ಹಿಡಿದು ಪೀಪಾಯಿಗೆ ತುಂಬಿದ ವಸ್ತುವನ್ನು ಇಂದಿಗೂ ಹಳ್ಳಿಯ ಮೇಲೆ ಹರಿಯಬಿಡುವುದು ನಮಗೆ ಗೌರವ ತರುವ ಸಂಗತಿಯಲ್ಲ.

ಮತ್ತೊಂದು ಕಡೆ, ಇಲ್ಲಿಂದ ಅನತಿದೂರದ ಬಂಡೀಪುರದ ಕಾಡಿನೊಳಗೆ ಲಾಂಟಾನ ಹಬ್ಬಿ, ಹುಲ್ಲನ್ನು ಅಡಗಿಸಿ, ಜಿಂಕೆ ಕಾಟಿಗಳ ಮೇವನ್ನು ಕಿತ್ತುಕೊಂಡಿದೆ. ಬೇಸಗೆಯಲ್ಲಿ ಅದೇ ಕಾಳ್ಗಿಚ್ಚಿಗೆ ಏಣಿಯಾಗುತ್ತದೆ. ಕಿತ್ತು ಹಾಕಿದ ರಾಶಿಯನ್ನು ಏನು ಮಾಡಬೇಕೆಂಬುದು ಅರಣ್ಯದವರಿಗೆ ಸದಾ ಇರುವ ತಲೆನೋವು. ಡೊಂಕಾದ, ಮುಳ್ಳಾದ, ಯಾವ ಅಳತೆಗೂ ಒಗ್ಗದ ಇಂಥ ಕಡ್ಡಿಯನ್ನು ನೆಟ್ಟನೆಯ ರಿಟಾರ್ಟು ಒಲ್ಲದು, ಬಂಡಿ ಒಲ್ಲೆನೆನ್ನದು. ನಮ್ಮ ಸೀಮೆ ಮಳೆನೆರಳಿನದಾದುದರಿಂದ ಭದ್ರಾವತಿಯವರನ್ನು ಕಾಡಿದ ತೇವದ ಕಷ್ಟವೂ ಇಲ್ಲಿ ಅಷ್ಟಿಲ್ಲ. ಹುಲಿ ರಕ್ಷಿತಾರಣ್ಯದ ನಿಯಮಗಳು ಅನುಮತಿಸುವ ಮಟ್ಟಿಗೆ, ಕಾಡಿನ ಹೊರಗೆ, ಎರಡೋ ಮೂರೋ ಬಂಡಿಗಳ ಒಂದು ಸಣ್ಣ ರಿಟಾರ್ಟನ್ನು ಕಟ್ಟುವುದು ಅಸಾಧ್ಯವಾದ ಕೆಲಸವಲ್ಲ. ಕಾಡನ್ನು ಕಡಿದು ನಡೆಯಬೇಕಾದಾಗ ದೋಷವಾಗಿದ್ದ ಪದ್ಧತಿಯೇ ಕಾಡಿನ ಕಳೆಯನ್ನೂ ತೋಟದ ಚಿಪ್ಪನ್ನೂ ಉಣ್ಣುವುದಾದರೆ ಗುಣವಾಗಬಲ್ಲುದು. ಆದರೆ ಅದು ಸಣ್ಣದಾಗಿಯೇ ಇರಬೇಕು. ದೊಡ್ಡದಾದರೆ ಕಳೆ ಮುಗಿದ ದಿನ ಅದು ಮರವನ್ನು ಕೇಳುತ್ತದೆ.

ಭದ್ರಾವತಿಯ ಕಾರ್ಖಾನೆಯು ಶತಮಾನವನ್ನು ಪೂರೈಸಿದ 2023ರ ಜನವರಿಯಲ್ಲಿಯೇ ಅದನ್ನು ಮುಚ್ಚುವ ತೀರ್ಮಾನವು ಭಾರತೀಯ ಉಕ್ಕು ಪ್ರಾಧಿಕಾರದಿಂದ ಹೊರಬಿದ್ದಿತು. ಕಾರ್ಖಾನೆಯ ಭವಿತವ್ಯ ಏನೇ ಆಗಲಿ, ಸೌದೆಬಟ್ಟಿಯ ನಕ್ಷೆಗಳು, ದಿನಚರಿಯ ಪುಸ್ತಕಗಳು, ಅದರಲ್ಲಿ ದುಡಿದವರ ಮನೆಗಳಲ್ಲಿ ಉಳಿದಿರಬಹುದಾದ ಚಿತ್ರಗಳು ಗುಜರಿಯವರ ಪಾಲಾಗಬಾರದು. ಶಿವಮೊಗ್ಗದ ವಿಶ್ವವಿದ್ಯಾನಿಲಯವೋ ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯವೋ ಅವುಗಳನ್ನು ಕೂಡಲೆ ಸಂಗ್ರಹಿಸಬೇಕು. ಹಾಗೆಯೇ, ನಮ್ಮ ಜಿಲ್ಲೆಯಲ್ಲಿ ಇದ್ದಲಿನ ಘಟಕಕ್ಕೆ ಅನುಮತಿ ಕೊಡುವ ಅಧಿಕಾರಿಗಳಲ್ಲಿ ನನ್ನ ಬೇಡಿಕೆ ಇದು: ಗುಂಡಿ ತೋಡಿ ಸುಡುವವರಿಗೆ ಅನುಮತಿ ಬೇಡ, ಹೊಗೆಯನ್ನು ಹಿಡಿದು ತಣಿಸುವ ಏರ್ಪಾಟನ್ನು ಕಟ್ಟಿ ತೋರಿಸಿದವರಿಗೆ ಮಾತ್ರ ಕೊಡಿ.