ಆಣೆ ಕೇಳದ ಮೀಟಿಂಗು

ನಮ್ಮ ಸಿನಿಮಾಗಳಲ್ಲಿ ಕುಡುಕ ಬರೋದು ಎರಡೇ ಕೆಲಸಕ್ಕೆ. ನಗಿಸೋಕೆ, ಇಲ್ಲಾಂದ್ರೆ ಸಾಯೋಕೆ. ಮೂರನೇದು ಅಂತ ಒಂದಿದ್ರೆ ಅದು ಆಣೆ. ತಾಯಿಯ ತಲೆ ಮುಟ್ಟಿ ‘ಇನ್ನು ಮುಟ್ಟಲ್ಲಮ್ಮ’ ಅಂದ್ರೆ ಸಾಕು, ಮುಂದಿನ ದೃಶ್ಯದಲ್ಲಿ ಬಿಳಿ ಅಂಗಿ, ಹಣೇಲಿ ವಿಭೂತಿ. ಬಿಟ್ಟ ಮೇಲೆ ಬರೋ ಮೊದಲ ಮಂಗಳವಾರ, ಸಂಜೆ ಏಳಕ್ಕೆ, ಆ ಮನುಷ್ಯ ಎಲ್ಲಿ ಕೂತಿರ್ತಾನೆ ಅಂತ ತೋರಿಸಿದ ಕನ್ನಡ ಸಿನಿಮಾ ನನಗಂತೂ ನೆನಪಿಲ್ಲ.

ತೋರಿಸಿದ ಹಳೇ ಅಮೆರಿಕನ್ ಸಿನಿಮಾ ಒಂದಿದೆ. ಬ್ಲೇಕ್ ಎಡ್ವರ್ಡ್ಸ್ 1962ರಲ್ಲಿ ಮಾಡಿದ ‘ಡೇಸ್ ಆಫ್ ವೈನ್ ಅಂಡ್ ರೋಸಸ್’. ಜ್ಯಾಕ್ ಲೆಮನ್ ಮಾಡಿರೋ ಜೋ ಕುಡುಕ. ಲೀ ರೆಮಿಕ್ ಮಾಡಿರೋ ಕರ್ಸ್ಟನ್‌ಗೆ ಚಾಕೊಲೇಟ್ ಅಂದ್ರೆ ಪ್ರಾಣ, ಮದ್ಯ ಮುಟ್ಟಿದವಳಲ್ಲ. ಚಾಕೊಲೇಟ್ ರುಚಿಯ ಒಂದು ಕಾಕ್‌ಟೇಲ್ ಕೊಡಿಸಿ ಜೋ ಅವಳಿಗೆ ರೂಢಿ ಮಾಡಿಸ್ತಾನೆ. ಮದುವೆ ಆಗುತ್ತೆ, ಮಗು ಆಗುತ್ತೆ, ಮನೆ ಮುಳುಗುತ್ತೆ. ಬಚ್ಚಿಟ್ಟ ಬಾಟಲಿ ಹುಡುಕ್ತಾ ಮಾವನ ಗಾಜಿನ ಮನೆಯ ಗಿಡಗಳನ್ನೆಲ್ಲ ಜೋ ಕಿತ್ತು ಹಾಕೋ ದೃಶ್ಯವನ್ನ ನೋಡಿದವರು ಮರೆಯಲ್ಲ.

ಆಮೇಲೆ ಆಸ್ಪತ್ರೆ. ಅಲ್ಲಿಗೆ ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಒಬ್ಬ ಸದಸ್ಯ ಬಂದು ಜೋನನ್ನ ಮೀಟಿಂಗಿಗೆ ಕರೀತಾನೆ. 1935ರಲ್ಲಿ ಅಮೆರಿಕದ ಅಕ್ರನ್ ಊರಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಮಾತಾಡಿಕೊಂಡು ಶುರುವಾದ ಕೂಟ ಅದು. ಫೀಸಿಲ್ಲ. ಸದಸ್ಯನಾಗೋಕೆ ಕುಡಿತ ಬಿಡಬೇಕು ಅನ್ನೋ ಆಸೆ ಒಂದಿದ್ರೆ ಸಾಕು. ಜೋ ಎದ್ದು ನಿಂತು ನಾನೊಬ್ಬ ಕುಡುಕ ಅಂತಾನೆ. ಕರ್ಸ್ಟನ್ ಕೈಲಿ ಮಾತ್ರ ಆ ಒಂದು ಮಾತು ಹೇಳೋಕೆ ಆಗಲ್ಲ. ಕೊನೇಲಿ ಅವಳು ಮನೆಗೆ ಬರ್ತಾಳೆ. ಬಿಡ್ತೀನಿ ಅನ್ನಲ್ಲ. ಅವಳು ತಿರುಗಿ ಹೋಗೋದನ್ನ ಜೋ ಕಿಟಕಿಯಿಂದ ನೋಡ್ತಾನೆ, ಹಿಂದೆ ಓಡಲ್ಲ. ಹೊರಗೆ ಬಾರಿನ ದೀಪ ಮಿನುಗ್ತಿರುತ್ತೆ.

ಕಾಲೇಜಲ್ಲಿ ನೋಡಿದಾಗ ಈ ಅಂತ್ಯ ನನಗೆ ಕ್ರೂರ ಅನ್ನಿಸಿತ್ತು. ಹೆಂಡತಿಗೆ ರುಚಿ ಹತ್ತಿಸಿದವನೇ ಕಿಟಕೀಲಿ ನಿಂತು ನೋಡೋದಾ?

ಆಮೇಲೆ ನಮ್ಮನೇಲೇ ಸಿನಿಮಾ ಶುರುವಾಯ್ತು. (ಅಣ್ಣನ್ನ ಕೇಳಿಯೇ ಇದನ್ನ ಬರೀತಿದೀನಿ.) ಮನೆದೇವರ ಮುಂದೆ ಅವನ ಕೈಲಿ ಆಣೆ ಮಾಡಿಸಿದ್ವಿ. ಹನ್ನೊಂದು ದಿನ ನಡೀತು. ಆಣೆ ಮುರಿದ ಮೇಲೆ ದೇವರ ಭಯವೂ ಸೇರಿಕೊಂಡು ಇನ್ನಷ್ಟು ಕುಡಿದ. ಸಿನಿಮಾದ ಆಸ್ಪತ್ರೆಯ ದೃಶ್ಯದ ಅರ್ಥ ಡಾಕ್ಟರು ಬೈದಾಗ ಗೊತ್ತಾಯ್ತು. ದಿನಾ ಕುಡಿಯೋರು ಏಕಾಏಕಿ ನಿಲ್ಲಿಸಿದ್ರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಅದಕ್ಕೆ ಔಷಧಿ ಬೇಕು, ಆಣೆ ಆಗಲ್ಲ, ಮೀಟಿಂಗೂ ಸಾಲಲ್ಲ.

ಚಿಕಿತ್ಸೆ ಮುಗಿದ ಮೇಲೆ ಕೂಟದ ನಂಬರ್ ಹುಡುಕಿ ಫೋನ್ ಮಾಡಿದೆ. ಎತ್ತಿದವರೂ ಒಂದು ಕಾಲದಲ್ಲಿ ಕುಡೀತಿದ್ದವರೇ.

‘ಕುಡಿಯೋರು ನೀವಾ ಸಾರ್?’

‘ಅಲ್ಲ, ನಮ್ಮಣ್ಣ.’

‘ಹಂಗಾದ್ರೆ ಅವರ ಕೈಲೇ ಒಂದ್ಸಲ ಫೋನ್ ಮಾಡ್ಸಿ.’

ನನಗೆ ಸಿಟ್ಟು ಬಂತು. ಅವನಿಗೇ ಮಾಡೋಕೆ ಆಗಿದ್ರೆ ನಾನ್ಯಾಕೆ ಮಾಡ್ತಿದ್ದೆ? ಒಂಬತ್ತು ದಿನ ಆದ್ಮೇಲೆ ಅವನೇ ಮಾಡಿದ. ಮೊದಲ ವಾರ ಒಂದು ಶಾಲೆಯ ಹಿಂಬಾಗಿಲ ಮುಂದೆ ಬೈಕ್ ಮೇಲೆ ಇಪ್ಪತ್ತು ನಿಮಿಷ ಕೂತು ವಾಪಸ್ ಬಂದ್ವಿ. ಎರಡನೇ ವಾರ ಒಳಗೆ ಹೋದ. ಅವತ್ತು ಮನೆಯವರೂ ಬರಬಹುದಾದ ಮೀಟಿಂಗು, ನಾನೂ ಹೋದೆ. ಬೇರೆ ಕೆಲವು ಮೀಟಿಂಗುಗಳು ಕುಡಿತದ ತೊಂದರೆ ಇರೋರಿಗೆ ಮಾತ್ರ.

ಯಾರು ಏನು ಹೇಳಿದ್ರು ಅಂತ ಬರೆಯಲ್ಲ. ಅಲ್ಲಿ ಕೇಳಿದ್ದನ್ನ ಅಲ್ಲೇ ಬಿಟ್ಟು ಬರೋದು ರೂಢಿ. ಹೇಳಬಹುದಾದ್ದು ಇಷ್ಟು: ಪ್ಲಾಸ್ಟಿಕ್ ಕುರ್ಚಿ, ಟೀ, ಬರೀ ಹೆಸರು, ಮನೆತನ ಇಲ್ಲ. ಒಬ್ಬರು ಮಾತಾಡ್ತಾರೆ, ಯಾರೂ ಉತ್ತರ ಕೊಡಲ್ಲ, ಬುದ್ಧಿ ಹೇಳಲ್ಲ. ಜೋ ಮಾತಾಡಿದಷ್ಟು ಚೆನ್ನಾಗಿ ಅಲ್ಲಿ ಯಾರೂ ಮಾತಾಡಲಿಲ್ಲ. ಅರ್ಧಕ್ಕೆ ನಿಲ್ಲಿಸಿದ್ರು, ಹೇಳಿದ್ದನ್ನೇ ಹೇಳಿದ್ರು. ಯಾರೂ ಆಣೆ ಕೇಳಲಿಲ್ಲ. ಇವತ್ತೊಂದು ದಿನ ಅಂದ್ರು, ಅಷ್ಟೇ.

ಸಿನಿಮಾದ ಮೇಲೆ ನನ್ನ ದೂರು ಇದೇ. ಬೀಳೋದಕ್ಕೆ ಎರಡು ಗಂಟೆ ಹತ್ತಿರ ಕೊಟ್ಟು, ಕೂರೋದಕ್ಕೆ ಕೆಲವೇ ನಿಮಿಷ ಕೊಡುತ್ತೆ. ಬೀಳೋದ್ರಲ್ಲಿ ಕಥೆ ಇದೆ, ಕೂರೋದ್ರಲ್ಲಿ ಮುಂದಿನ ವಾರ ಇದೆ. ಆದ್ರೂ ಕೂತಿದ್ದಕ್ಕೆ ಫಲ ಇದೆ. 2020ರಲ್ಲಿ ಕಾಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನ ಒಟ್ಟಿಗಿಟ್ಟು ನೋಡಿತ್ತು. ಈ ಕೂಟಕ್ಕೆ ಜನರನ್ನ ಕ್ರಮವಾಗಿ ಸೇರಿಸೋ ಚಿಕಿತ್ಸೆಗಳು, ಪೂರ್ತಿ ಬಿಟ್ಟಿರೋ ವಿಷಯದಲ್ಲಿ, ಬೇರೆ ಚಿಕಿತ್ಸೆಗಳಿಗಿಂತ ಮೇಲು ಅಂತ ಅದರ ತೀರ್ಮಾನ. ಎಲ್ಲರಿಗೂ ಒಗ್ಗುತ್ತೆ ಅಂತಲ್ಲ. ಅಣ್ಣನೂ ನಡುವೆ ಎರಡು ಸಲ ಜಾರಿದ. ಎರಡು ಸಲವೂ ಅದೇ ಕುರ್ಚಿಗೆ ವಾಪಸ್ ಹೋದ. ಆಣೆ ಮುರಿದವನಿಗೆ ವಾಪಸ್ ಹೋಗೋಕೆ ಜಾಗ ಇರಲಿಲ್ಲ, ಇಲ್ಲಿ ಇತ್ತು.

ಜೋ ಯಾಕೆ ಓಡಲಿಲ್ಲ ಅಂತ ಈಗ ಗೊತ್ತು. ಆ ಮಾತನ್ನ ಅವಳ ಬದಲು ಇವನು ಹೇಳೋಕೆ ಆಗಲ್ಲ.

ಫೋನಲ್ಲಿ ಆ ಸಾರ್ ಇನ್ನೊಂದು ಮಾತು ಹೇಳಿದ್ರು. ಮನೆಯವರಿಗೇ ಅಂತ ಬೇರೆ ಮೀಟಿಂಗು ಇದೆ, ಅಲ್-ಅನಾನ್ ಅಂತ, ನೀವೂ ಹೋಗಿ. ನನಗೇನಾಗಿದೆ ಸಾರ್, ಅಂದಿದ್ದೆ. ಮೊನ್ನೆ ಸಿನಿಮಾ ಮತ್ತೆ ಹಾಕಿದಾಗ ಕರ್ಸ್ಟನ್ ತನಗೇನೂ ಆಗಿಲ್ಲ ಅನ್ನೋದನ್ನ ಕೇಳಿ ಅಲ್ಲೇ ನಿಲ್ಲಿಸಿದೆ. ವಿಳಾಸ ಬರೆದಿಟ್ಟುಕೊಂಡಿದೀನಿ. ಗುರುವಾರ, ಆರೂವರೆಗೆ.