ಲಕ್ಷ್ಯ ಮತ್ತು ಲಕ್ಷಣ: ಪರಿಸರಾಧ್ಯಯನದ ಪಠ್ಯಕ್ರಮ

ಸರ್ವೋಚ್ಚ ನ್ಯಾಯಾಲಯದ ಆದೇಶಾನುಸಾರವಾಗಿ ವಿಶ್ವವಿದ್ಯಾನಿಲಯ ಅನುದಾನ ಆಯೋಗವು ಪದವಿ ತರಗತಿಗಳಿಗೆಂದು ರೂಪಿಸಿ 2004ರಲ್ಲಿ ಜಾರಿಗೆ ತಂದ ಪರಿಸರಾಧ್ಯಯನದ ಪಠ್ಯಕ್ರಮವು ಉದ್ದೇಶದಲ್ಲಿ ಶ್ಲಾಘ್ಯವಾದುದು; ವಿನ್ಯಾಸದಲ್ಲಿ ಮಾತ್ರ ಚಿಂತ್ಯವಾದುದು. ಅದರ 50 ಗಂಟೆಗಳಲ್ಲಿ ಕ್ಷೇತ್ರದರ್ಶನಕ್ಕೆ ದೊರೆತುವು 5. ಅವೂ ಕಟ್ಟಕಡೆಯ ಘಟಕದಲ್ಲಿ. ಲಕ್ಷಣವು ಮುಂದಾಗಿ ಲಕ್ಷ್ಯವು ಹಿಂದುಳಿಯಿತು.

ಸಕಲೇಶಪುರ, ಆಲೂರು ಸೀಮೆಯ ವಿದ್ಯಾರ್ಥಿಗೆ ಲಕ್ಷ್ಯವು ಮನೆಯ ಬಾಗಿಲಲ್ಲಿಯೇ ಇರುವುದಷ್ಟೆ. ಕಾಡುಮರಗಳ ನೆರಳಿನ ಕಾಫಿ ತೋಟವು ಇಂಗಾಲವನ್ನು ಮರದಲ್ಲಿಯೂ ಮಣ್ಣಿನಲ್ಲಿಯೂ ಹಿಡಿದಿಡುತ್ತದೆ. ಆ ಮರಗಳನ್ನು ಕಡಿದು ಸಿಲ್ವರ್ ಓಕ್ ಒಂದನ್ನೇ ಬೆಳೆಸಿದಲ್ಲಿ ನೆರಳು ಉಳಿದರೂ ಕಾಡಿನ ವೈವಿಧ್ಯವು ಉಳಿಯದು. ಆನೆಯು ಗದ್ದೆಗಿಳಿಯುವುದೇಕೆಂಬ ಪ್ರಶ್ನೆಯೂ ಇಲ್ಲಿಯದೇ.

ನೆರೆಯ ಮೂಡಿಗೆರೆಯಲ್ಲಿ ನೆಲಸಿದ್ದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಈ ಕ್ರಮವನ್ನು ತಿರುಗಿಸಿತು. ಹಾರುವ ಓತಿಯನ್ನು ಕಂಡವನು ಹಳ್ಳಿಯ ಮಂದಣ್ಣ. ವಿಜ್ಞಾನಿಯು ಅವನ ಕಣ್ಣನ್ನು ನಂಬಿ ಕಾಡಿಗೆ ಹೊರಡುತ್ತಾನೆ. ನೋಟವು ಮೊದಲು, ಶಾಸ್ತ್ರವು ಬಳಿಕ. ಈ ಕೃತಿಯನ್ನು ಬೋಧಿಸುವ ಸಾಹಿತ್ಯಾಧ್ಯಾಪಕರು ಪರಿಸರವನ್ನು ಅನ್ಯಶಾಸ್ತ್ರವೆಂದು ಕೈಬಿಡುವುದು ಯುಕ್ತವಲ್ಲ. ತೋಟವನ್ನು ನೋಡಿದ ಮೇಲೆ ತರಗತಿ ಎಂಬ ಕ್ರಮವು ನೆಲೆಗೊಳ್ಳದಿದ್ದಲ್ಲಿ ಪರಿಸರಾಧ್ಯಯನವು ತೇರ್ಗಡೆಯ ಸಾಧನವಾದೀತೇ ಹೊರತು ವಿದ್ಯೆಯೆನಿಸದು.