ಹತ್ತು ಕಾರ್ಡ್ ಬದಲಿಸಿದರೆ ಸಾಕು

ಅಂಗಡಿಯಿಂದ ಮ್ಯಾಜಿಕ್ ಕಾರ್ಡ್ ಆಟದ ಸಿದ್ಧ ಡೆಕ್ ತಂದವರು ಮೊದಲು ಕೇಳುವುದು, ‘ಇದಕ್ಕೆ ಯಾವ ದುಬಾರಿ ಕಾರ್ಡ್ ಸೇರಿಸಲಿ?’ ಎಂದು. ಯಾವ ಕಾರ್ಡನ್ನು ತೆಗೆಯುತ್ತೀರಿ ಎಂದು ನಾನು ಮರುಪ್ರಶ್ನೆ ಹಾಕುತ್ತೇನೆ. ಅದಕ್ಕೆ ಉತ್ತರ ಗೊತ್ತಿಲ್ಲದವರು ಎಷ್ಟೇ ಹಣ ಸುರಿದರೂ ಡೆಕ್ ಸುಧಾರಿಸುವುದಿಲ್ಲ.

ಮ್ಯಾಜಿಕ್: ದ ಗ್ಯಾದರಿಂಗ್ ಆಟವನ್ನು ರಿಚರ್ಡ್ ಗಾರ್ಫೀಲ್ಡ್ ರೂಪಿಸಿದರು, ಅದು ಹೊರಬಂದದ್ದು 1993ರಲ್ಲಿ. ಅದರ ‘ಕಮಾಂಡರ್’ ಪದ್ಧತಿಗೆ 2011ರಿಂದ ಸಿದ್ಧ ಡೆಕ್‌ಗಳು ಬರುತ್ತಿವೆ. ಒಟ್ಟು 100 ಕಾರ್ಡ್. ಅದರಲ್ಲಿ ಒಬ್ಬ ನಾಯಕ ಪ್ರತ್ಯೇಕವಾಗಿ ಕೂರುತ್ತಾನೆ, ಉಳಿದ 99ನ್ನು ಕಲೆಸಿ ಇಡಬೇಕು. ಕಾರ್ಡ್ ಆಡಲು ಬೇಕಾದ ‘ಮನಾ’ ಎಂಬ ಶಕ್ತಿ ಕೊಡುವ ಮೂಲ ಲ್ಯಾಂಡ್ ಬಿಟ್ಟರೆ ಯಾವ ಕಾರ್ಡೂ ಎರಡು ಸಲ ಇರುವಂತಿಲ್ಲ. ಸಾಮಾನ್ಯವಾಗಿ ನಾಲ್ವರು ಕೂತು ಆಡುವ ಆಟ. ಒಬ್ಬೊಬ್ಬರಿಗೂ 40 ಜೀವಾಂಕ.

ಒಂದು ಡೆಕ್ ಹಿಡಿದೇ ಮಾತಾಡೋಣ. 2025ರ ಫೆಬ್ರುವರಿಯಲ್ಲಿ ಬಂದ ಏಥರ್‌ಡ್ರಿಫ್ಟ್ ಸರಣಿಯ ‘ಲಿವಿಂಗ್ ಎನರ್ಜಿ’. ಇದನ್ನು ಆರಿಸಲು ಕಾರಣವಿದೆ. ಭಾರತದ ಛಾಯೆಯಲ್ಲಿ 2016ರಲ್ಲಿ ಕಟ್ಟಿದ ‘ಕಲಾದೇಶ್’ ಎಂಬ ಕಲ್ಪಿತ ಲೋಕ ಈ ಸರಣಿಯಲ್ಲಿ ‘ಆವಿಷ್ಕಾರ್’ ಎಂಬ ಹೊಸ ಹೆಸರಿನಲ್ಲಿ ಮರಳಿದೆ. ಡೆಕ್‌ನ ನಾಯಕಿ ಸಹೇಲಿ ಎಂಬ ಕುಶಲಕರ್ಮಿ. ಯಂತ್ರದ ಕಾರ್ಡನ್ನೋ ಯಂತ್ರಶಿಲ್ಪಿಯ ಕಾರ್ಡನ್ನೋ ಆಡಿದಾಗಲೆಲ್ಲ ಅವಳು ‘ಎನರ್ಜಿ’ ಎಂಬ ಅಂಕವೊಂದನ್ನು ಕೊಡುತ್ತಾಳೆ. ನಿಮ್ಮ ಸರದಿಯ ಕಾಳಗ ಶುರುವಾಗುವಾಗ ಮೂರು ಎನರ್ಜಿ ತೆತ್ತರೆ, ನಿಮ್ಮದೇ ಒಂದು ಕಾರ್ಡಿನ ನಕಲು 5/5 (ದಾಳಿ/ತಾಳಿಕೆ) ಬಲದ ಯಂತ್ರಜೀವಿಯಾಗಿ ಎದ್ದು ಆ ಕ್ಷಣವೇ ದಾಳಿಗೆ ಹೊರಡುತ್ತದೆ. ಸರದಿ ಮುಗಿಯುವಾಗ ಆ ನಕಲು ಹೋಗುತ್ತದೆ.

ಈಗ ಕಲಾದೇಶ್ ಕಾಲದ ‘ವರ್ಲರ್ ವರ್ಚುಯೋಸೊ’ ನೋಡಿ. ಅನ್‌ಕಾಮನ್ ದರ್ಜೆಯ, ಅಗ್ಗದ ಕಾರ್ಡ್. ಇದು ಯಂತ್ರಶಿಲ್ಪಿ, ಮೈದಾನಕ್ಕೆ ಬಂದಾಗ ಮೂರು ಎನರ್ಜಿ ಕೊಡುತ್ತದೆ. ಸಹೇಲಿ ಮೈದಾನದಲ್ಲಿದ್ದಾಗ ಇದನ್ನು ಆಡಿದರೆ ಅವಳದೊಂದು, ಇದರ ಮೂರು, ಒಟ್ಟು ನಾಲ್ಕು. ಮೂರು ತೆತ್ತು ಇದರದೇ ನಕಲು ಮಾಡಿ. ನಕಲೂ ಮೈದಾನಕ್ಕೆ ಬರುತ್ತಲೇ ಮೂರು ಕೊಡುತ್ತದೆ. ಲೆಕ್ಕ ಮತ್ತೆ ನಾಲ್ಕಕ್ಕೆ! ಪ್ರತಿ ಸರದಿಯಲ್ಲೂ 5/5ರ ದಾಳಿ ಪುಕ್ಕಟೆ. ಜೊತೆಗೆ ಇಂಥ ಆಗಮನದ ಫಲವನ್ನು ಇಮ್ಮಡಿಗೊಳಿಸುವ ‘ಪ್ಯಾನ್‌ಹಾರ್ಮೋನಿಕಾನ್’ ಇದ್ದರೆ ನಕಲು ಆರು ಎನರ್ಜಿ ತರುತ್ತದೆ. ಸಾವಿರಾರು ರೂಪಾಯಿಯ ಪ್ರಸಿದ್ಧ ಕಾರ್ಡೊಂದು ಸಹೇಲಿಗೆ ಇಷ್ಟು ಒದಗಿಬರುವುದು ಅಪರೂಪ. ಕಾರ್ಡಿನ ಬೆಲೆಯನ್ನು ಮಾರುಕಟ್ಟೆ ಹೇಳಬಹುದು. ಅದರ ಯೋಗ್ಯತೆ ನಿರ್ಧಾರವಾಗುವುದು ನಾಯಕಿಯ ಪಕ್ಕದಲ್ಲಿ ಇಟ್ಟಾಗಲೇ.

ಇದೇ ಕಣ್ಣಿಂದ ಇನ್ನೆರಡು: ‘ಅಟ್ಯೂನ್ ವಿತ್ ಏಥರ್’ ಮತ್ತು ‘ರೋಗ್ ರಿಫೈನರ್’. ಮೊದಲನೆಯದು ಲ್ಯಾಂಡ್ ಹುಡುಕಿ ಕೊಡುತ್ತದೆ, ಎರಡನೆಯದು ಹೊಸ ಕಾರ್ಡ್ ಕೊಡುತ್ತದೆ. ಎರಡರಲ್ಲೂ ಎರಡೆರಡು ಎನರ್ಜಿ ಸಿಗುತ್ತದೆ. ಇತ್ತೀಚಿನ ಸರಣಿಗಳ ಕಾರ್ಡನ್ನಷ್ಟೇ ಬಳಸುವ ‘ಸ್ಟ್ಯಾಂಡರ್ಡ್’ ಪದ್ಧತಿಯಲ್ಲಿ 2018ರ ಜನವರಿಯಲ್ಲಿ ಇವನ್ನು ನಿಷೇಧಿಸಬೇಕಾಗಿ ಬಂತು ಎಂದರೆ ಇವುಗಳ ತಾಕತ್ತು ತಿಳಿಯುತ್ತದೆ. ಕಮಾಂಡರ್‌ನಲ್ಲಿ ಆ ನಿಷೇಧವಿಲ್ಲ. ಡೆಕ್‌ನಲ್ಲಿ ಇದ್ದರೆ ಕೈಬಿಡಬೇಡಿ, ಇಲ್ಲದಿದ್ದರೆ ತರಿಸಿ.

ಇನ್ನು ತೆಗೆಯುವ ಕೆಲಸ. ಸಿದ್ಧ ಡೆಕ್‌ಗಳಲ್ಲಿ ಬದಲಿಯಾಗಿ ಕೊಟ್ಟ ಎರಡನೆಯ ನಾಯಕನೊಬ್ಬನಿಗೆಂದು ಇಟ್ಟ ಕಾರ್ಡ್‌ಗಳು ಇರುತ್ತವೆ. ಅವು ಮೊದಲು ಹೊರಡಲಿ. ಆರು ಮನಾಕ್ಕಿಂತ ಹೆಚ್ಚು ಕೇಳುವ, ಬಂದರೂ ಆಟ ಮುಗಿಸದ ಭಾರಿ ಜೀವಿಗಳು ಆಮೇಲೆ. ಎನರ್ಜಿ ಖರ್ಚು ಮಾಡುವ ಕಾರ್ಡ್‌ಗಳೇ ಹೆಚ್ಚಾಗಿ, ಕೊಡುವವು ಕಡಿಮೆಯಾಗಿದ್ದರೆ ಅದನ್ನೂ ಸರಿದೂಗಿಸಿ.

ಲ್ಯಾಂಡ್‌ಗೆ ಮಾತ್ರ ಕತ್ತರಿ ಹಾಕಬೇಡಿ. ನಾಲ್ಕನೆಯ ಸರದಿಯ ಹೊತ್ತಿಗೆ ನೀವು 11 ಕಾರ್ಡ್ ನೋಡಿರುತ್ತೀರಿ. 99ರಲ್ಲಿ 36 ಲ್ಯಾಂಡ್ ಇದ್ದರೆ ಆ 11ರಲ್ಲಿ ಸರಾಸರಿ ಸರಿಯಾಗಿ ನಾಲ್ಕು ಬರುತ್ತವೆ. ಇದಕ್ಕಿಂತ ಇಳಿಸಿದರೆ ಸರದಿ ಬಂದರೂ ಸುಮ್ಮನೆ ಕೂರುವ ಸಂಕಟ ಹೆಚ್ಚುತ್ತದೆ. ಬಂದ ಸರದಿಯಲ್ಲಿ ಬಳಕೆಗೆ ಸಿಗದೆ ಅಡ್ಡ ಮಲಗುವ ಲ್ಯಾಂಡ್‌ಗಳಲ್ಲಿ ಮೂರ್ನಾಲ್ಕನ್ನು ತೆಗೆದು ಮೂಲ ಲ್ಯಾಂಡ್ ಹಾಕಿದರೆ ಡೆಕ್ ಚುರುಕಾಗುತ್ತದೆ. ಇಷ್ಟು ದೊಡ್ಡ ಸುಧಾರಣೆ ಇದಕ್ಕಿಂತ ಅಗ್ಗವಾಗಿ ಬೇರೆಲ್ಲೂ ಸಿಗದು.

ಬೂಸ್ಟರ್ ಪ್ಯಾಕ್ ಕೊಳ್ಳಬೇಡಿ ಎಂದು ಕೈಮುಗಿದು ಹೇಳುತ್ತೇನೆ. ಒಳಗೇನಿದೆ ಎಂದು ಗೊತ್ತಿಲ್ಲದ ಪ್ಯಾಕ್ ಒಡೆಯುವುದರಲ್ಲಿ ಸಂತೋಷವಿದೆ, ಆದರೆ ನಿಮಗೆ ಬೇಕಾದ ಹತ್ತು ಕಾರ್ಡ್ ಅಲ್ಲಿಂದ ಬರುವುದಿಲ್ಲ. ಬಿಡಿ ಕಾರ್ಡ್ ತರಿಸಿ. ಅಗ್ಗದ ಕಾರ್ಡಿಗೆ ಕೊರಿಯರ್ ಖರ್ಚೇ ಭಾರ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಆಟಗಾರರು ಪಟ್ಟಿ ಒಟ್ಟುಗೂಡಿಸಿ ಬೆಂಗಳೂರಿನಿಂದ ಒಂದೇ ಪಾರ್ಸಲ್ ತರಿಸಿದರೆ ಆ ಹೊರೆ ಹಂಚಿಹೋಗುತ್ತದೆ.

ಕೊಳ್ಳುವ ಮೊದಲು ಕಾರ್ಡಿನ ಹೆಸರು, ಗುಣವನ್ನು ಚೀಟಿಯಲ್ಲಿ ಬರೆದು, ತೆಗೆದ ಕಾರ್ಡಿನ ಮುಂದೆ ಕವರಿನೊಳಗೆ ಸೇರಿಸಿ ಕೆಲವು ಆಟ ಆಡಿ. ಜೊತೆಗಾರರಿಗೆ ಮೊದಲೇ ಹೇಳಿದರಾಯಿತು, ಗೆಳೆಯರ ಆಟದಲ್ಲಿ ಇದು ನಡೆಯುತ್ತದೆ. ಅಧಿಕೃತ ಪಂದ್ಯದಲ್ಲಿ ಅಸಲಿ ಕಾರ್ಡೇ ಬೇಕು. ಬೆನ್ನು ಕಾಣದ ದಪ್ಪ ಕವರ್‌ಗೆ ಖರ್ಚು ಮಾಡಲು ಹಿಂಜರಿಯಬೇಡಿ. (ಚಂದ್ರವಳ್ಳಿ ಕೆರೆ ದಂಡೆಯಲ್ಲಿ ಆಡುವ ಆಸೆ ನನಗೂ ಇದೆ, ಆದರೆ ದುರ್ಗದ ಗಾಳಿಗೆ ಕವರ್ ಹಾಕಿದ ಕಾರ್ಡೂ ನಿಲ್ಲದು.)

ಕೈಗೆ ಬಂದ ಕಟ್ಟನ್ನು ತಿದ್ದಿಕೊಳ್ಳುವುದು ನಮ್ಮ ನಾಡಿಗೆ ಹೊಸದಲ್ಲ. ನಮ್ಮ ಹಳೆಯ ಎಲೆಯಾಟವಾದ ದಶಾವತಾರ ಗಂಜೀಫದಲ್ಲಿ 120 ಎಲೆ. ಮುಮ್ಮಡಿ ಕೃಷ್ಣರಾಜ ಒಡೆಯರು ಅಷ್ಟಕ್ಕೇ ನಿಲ್ಲದೆ 360 ಎಲೆಗಳ ಆಟದವರೆಗೆ ಹೊಸ ಕಟ್ಟುಗಳನ್ನು ರೂಪಿಸಿದರು. ಅರಮನೆಗೆ ಅದು ಸಲ್ಲುತ್ತದೆ, ನಮಗೆ ಹತ್ತು ಎಲೆ ಸಾಕು.

ಹತ್ತಕ್ಕೇ ನಿಲ್ಲಿ ಎನ್ನಲು ಇನ್ನೊಂದು ಕಾರಣವಿದೆ. ಆಟದ ಒಡೆತನ ಹೊಂದಿರುವ ವಿಜಾರ್ಡ್ಸ್ ಆಫ್ ದ ಕೋಸ್ಟ್ 2025ರಲ್ಲಿ ಕಮಾಂಡರ್ ಡೆಕ್‌ಗಳನ್ನು ಬಲಕ್ಕೆ ತಕ್ಕಂತೆ ಐದು ಮೆಟ್ಟಿಲಾಗಿ ವಿಂಗಡಿಸಿತು. ಆಗ ಸಿದ್ಧ ಡೆಕ್‌ಗಳಿಗೆ ಸಿಕ್ಕ ಸ್ಥಾನ ಸುಮಾರಾಗಿ ಎರಡನೆಯ ಮೆಟ್ಟಿಲು. ‘ಸೈಕ್ಲೋನಿಕ್ ರಿಫ್ಟ್’, ‘ರಿಸ್ಟಿಕ್ ಸ್ಟಡಿ’ಯಂಥ, ಆಟದ ದಿಕ್ಕನ್ನೇ ಬದಲಿಸುವ ಒಂದು ಕಾರ್ಡ್ ತುರುಕಿದರೂ ಡೆಕ್ ಮೂರನೆಯದಕ್ಕೆ ಏರುತ್ತದೆ. ನಾಲ್ವರನ್ನು ಕೂಡಿಸುವುದೇ ಕಷ್ಟವಾದ ಊರಲ್ಲಿ ಉಳಿದ ಮೂವರ ಕೈಯಲ್ಲಿ ಎಂಥ ಡೆಕ್ ಇದೆ ಎಂದು ಕೇಳಿಕೊಂಡು ನಿಮ್ಮದನ್ನು ತಿದ್ದಿ.